ಎಳನೀರು ಕಳ್ಳನಿಗೂ ಲುಕಿಂಗ್ ಫಾರ್ವರ್ಡ್

ನನ್ನ ಸೋದರಮಾವ ಹಿಂದೆ ತಿರುಗಿ ನೋಡಿದ ಮನುಷ್ಯನೇ ಅಲ್ಲ. ಬೈಕು ತಿರುಗಿಸುವಾಗಲೂ! ಅವರದ್ದೇನಿದ್ದರೂ ಮುಂದೆ ನೋಡುವುದು, ಅದೂ ಇಂಗ್ಲಿಷಿನಲ್ಲಿ. ಏನೇ ಬರೆಯಲಿ, ಕೊನೆಗೆ ‘ಲುಕಿಂಗ್ ಫಾರ್ವರ್ಡ್’ ಅಂತ ಹಾಕದಿದ್ದರೆ ಅವರಿಗೆ ಮಜ್ಜಿಗೆ ಇಲ್ಲದೆ ಊಟ ಮುಗಿಸಿದ ಹಾಗೆ. ಈ ಎರಡು ಪದ ನಮ್ಮ ಅಕ್ಕನ ಮದುವೆಗೇ ಅಡ್ಡ ಮಲಗುತ್ತವೆ ಅಂತ ಯಾರು ಕಂಡಿದ್ದರು?

ಮಾವನ ಊರು ದೊಡ್ಡಬೆಳವಂಗಲ, ಕೆಲಸ ದೊಡ್ಡಬಳ್ಳಾಪುರದ ಒಂದು ಫ್ಯಾಕ್ಟರಿಯ ಡಿಸ್ಪ್ಯಾಚ್ ವಿಭಾಗದಲ್ಲಿ. ಅಲ್ಲಿನ ಮ್ಯಾನೇಜರು ಪ್ರತಿ ಮೇಲ್ ಕೊನೆಗೂ ಹಾಗೆ ಬರೆಯುತ್ತಿದ್ದರಂತೆ. ಮರ್ಯಾದಸ್ಥರು ಬರೆಯುವುದೇ ಹೀಗೆ ಅಂತ ಮಾವ ತೀರ್ಮಾನಿಸಿಬಿಟ್ಟರು. ಕರೆಂಟು ಹೋದರೆ ಲೈನ್‌ಮನ್‌ಗೆ ಮೆಸೇಜು: ಲುಕಿಂಗ್ ಫಾರ್ವರ್ಡ್. ಇದೊಂದು ಸರಿಯೇ ಬಿಡಿ, ಕರೆಂಟಿಗೆ ಊರಿಗೆ ಊರೇ ಕಾಯುತ್ತಿರುತ್ತದೆ. ಆದರೆ ತೋಟದಲ್ಲಿ ಎಳನೀರು ಕಳುವಾದಾಗ ತೆಂಗಿನಮರಕ್ಕೆ ಒಂದು ರಟ್ಟು ಕಟ್ಟಿದರು ನೋಡಿ: ‘ಇಲ್ಲಿ ಎಳನೀರು ಕದಿಯಬಾರದು. ನಾಯಿ ಇದೆ. ಲುಕಿಂಗ್ ಫಾರ್ವರ್ಡ್.’ ಕಳ್ಳನಿಗೆ ಇದಕ್ಕಿಂತ ಗೌರವದ ಆಹ್ವಾನ ಉಂಟೆ? ಅವನು ಮರುವಾರವೇ ಬಂದ. ಬಂದು ಆ ರಟ್ಟಿನ ಕೆಳಗೇ ಖಾಲಿ ಬುರುಡೆಗಳನ್ನು ಒಪ್ಪವಾಗಿ ಜೋಡಿಸಿಟ್ಟು ಹೋಗಿದ್ದ!

ನಾನು ಡಿಗ್ರಿಯಲ್ಲಿ ಫೇಲಾದಾಗ ನೆಂಟರೆಲ್ಲ ಏನೇನೋ ಬುದ್ಧಿಮಾತು ಕಳಿಸಿದರು. ಮಾವ ಕಳಿಸಿದ್ದು ಒಂದೇ ಸಾಲು: ‘ಸಪ್ಲಿಮೆಂಟರಿಗೆ ಲುಕಿಂಗ್ ಫಾರ್ವರ್ಡ್.’ ನಾನು ಅದರಲ್ಲೂ ಫೇಲಾದೆ. ಮಾವ ಮತ್ತೆ ಅದನ್ನೇ ಕಳಿಸಿದರು. ನನ್ನ ಭವಿಷ್ಯದ ಮೇಲೆ ಅಷ್ಟು ಭರವಸೆ ನನಗೇ ಇರಲಿಲ್ಲ.

ನಾನೋ, ಯಾರು ಸಿಕ್ಕರೂ ಅವರ ದನಿ ಕದಿಯುವ ಗಿರಾಕಿ. ಮೂಗಿನಲ್ಲೊಂದಿಷ್ಟು, ಗಂಟಲಲ್ಲೊಂದಿಷ್ಟು ಸೇರಿಸಿ ಮಾವನ ‘ಲುಕಿಂಗ್ ಫಾರ್ವರ್ಡ್’ ಹೇಳಿದರೆ ತ್ಯಾಮಗೊಂಡ್ಲಿನ ನಮ್ಮ ಮನೆಯಲ್ಲಿ ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಅಪ್ಪನಂತೂ ಮತ್ತೆ ಮತ್ತೆ ಹೇಳಿಸುತ್ತಿದ್ದರು.

ಆಮೇಲೆ ಅಜ್ಜಿ, ಅಂದರೆ ಅಪ್ಪನ ತಾಯಿ, ತೀರಿಕೊಂಡರು. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಮಾವ ಬರೆದರು: ‘ಅಜ್ಜಿ ದೊಡ್ಡ ಜೀವ. ಬಹಳ ದುಃಖವಾಯಿತು. ಹನ್ನೊಂದನೇ ದಿನದ ಕಾರ್ಯಕ್ಕೆ ಲುಕಿಂಗ್ ಫಾರ್ವರ್ಡ್.’

ಇಂಗ್ಲಿಷ್ ಬಲ್ಲ ಚಿಕ್ಕಪ್ಪನ ಮಗ ಸುಮ್ಮನಿರಬೇಕಲ್ಲ? ಖುಷಿಯಿಂದ ಕಾಯ್ತಾ ಇದ್ದೀನಿ ಅಂತ ಅದರರ್ಥ ಎಂದು ಅಪ್ಪನಿಗೆ ಬಿಡಿಸಿ ಹೇಳಿದ.

“ನಮ್ಮವ್ವ ಸತ್ತಿದ್ದು ಅವನಿಗೆ ಖುಷಿಯಾ?” ಅಂದರು ಅಪ್ಪ.

ಕಾರ್ಯದ ದಿನ ಎಲ್ಲರಿಗಿಂತ ಮೊದಲು ಬಂದು ನೀರು ಹೊತ್ತದ್ದು, ಕೊನೆಯ ಪಂಕ್ತಿಗೂ ಬಡಿಸಿದ್ದು ಮಾವನೇ. ಅಪ್ಪ ಅವರ ಮುಖ ನೋಡಲಿಲ್ಲ. ಮಾವ ಅಮ್ಮನ ಹತ್ತಿರ ಹೇಳಿದ್ದು ಇಷ್ಟೇ: “ಕೆಲಸಕ್ಕೆ ನಾನಿರ್ತೀನಿ ಅಂತ ಬರೆದೆ ಕಣಕ್ಕಾ.” ಅಂದಿನಿಂದ ಮಾತು ನಿಂತಿತು. ಮಾವನ ದನಿ ಮಾಡಬಾರದೆಂದು ನನಗೂ ಕಟ್ಟಪ್ಪಣೆಯಾಯಿತು.

ಈಗ ಅಕ್ಕನ ಮದುವೆ. ನಮ್ಮಲ್ಲಿ ಹೆಣ್ಣನ್ನು ಮಂಟಪಕ್ಕೆ ಕರೆತರುವವನು ಸೋದರಮಾವ. ಅವನಿಗೆ ಕರೆ ಹೋಗಬೇಕಾದ್ದು ಹೆಣ್ಣಿನ ಅಪ್ಪನಿಂದ. ಅಪ್ಪ ಕರೆಯಲೊಲ್ಲರು. ಅಕ್ಕ ಕೂಗಾಡಲಿಲ್ಲ, ಅಳಲೂ ಇಲ್ಲ. ಹಪ್ಪಳ ಒಣಗಿಸುತ್ತಲೇ ಹೇಳಿದಳು: “ಮದುವೆ ದಿನ ಮಾವ ಬಂದು ಕೈ ಹಿಡಿಯೋವರ್ಗೂ ನಾನು ರೂಮಿಂದ ಆಚೆ ಬರಲ್ಲಪ್ಪ. ಗಂಡಿನ ಕಡೆಯವರಿಗೆ ನೀನೇ ಹೇಳ್ಕೋ.”

ಅಪ್ಪ ಎರಡು ದಿನ ಹಿತ್ತಲಲ್ಲಿ ಸುಮ್ಮಸುಮ್ಮನೆ ಗಿಡಗಳಿಗೆ ನೀರು ಹಾಯಿಸಿದರು. ಮಳೆ ಬರುತ್ತಿತ್ತು, ಆದರೂ ಹಾಯಿಸಿದರು! ಮೂರನೆಯ ದಿನ ಮಧ್ಯಾಹ್ನ ನನ್ನನ್ನು ಕರೆದು ಫೋನು ಕೈಗಿಟ್ಟು ಬರೆಸಿದರು: ‘ಮಗಳ ಮದುವೆ. ನೀನೇ ಬಂದು ಮಂಟಪಕ್ಕೆ ಕರ್ಕೊಂಡು ಹೋಗಬೇಕು.’

ಕಳಿಸಲೇ ಎಂದು ಕೇಳಿದೆ. ಅಪ್ಪ ಕಿಟಕಿಯ ಕಡೆ ತಿರುಗಿದರು.

“ಲೇ, ಅವ್ನು ಕೊನೇಲಿ ಹಾಕ್ತಾನಲ್ಲ, ಅದನ್ನೂ ಹಾಕು.”

ಹಾಕಿದೆ. ಮಾವ ಓದಿದ್ದಕ್ಕೆ ನೀಲಿ ಗೆರೆ ಬಂತು, ಉತ್ತರ ಬರಲಿಲ್ಲ. ಅಪ್ಪ ಫೋನನ್ನು ಮಗುಚಿಟ್ಟರು, ಎತ್ತಿ ನೋಡಿದರು, ಮತ್ತೆ ಮಗುಚಿಟ್ಟರು. ಗಂಟೆ ಕಳೆಯುವಷ್ಟರಲ್ಲಿ ಗೇಟಿನ ಹತ್ತಿರ ಬೈಕು ನಿಂತ ಸದ್ದು. ಮಾವ! ಫ್ಯಾಕ್ಟರಿ ಯೂನಿಫಾರಂನಲ್ಲೇ, ಮಳೆಯಲ್ಲಿ ತೊಯ್ದು, ಹೆಲ್ಮೆಟ್ಟನ್ನೂ ತೆಗೆಯದೆ ಗೇಟಿನಾಚೆಯೇ ನಿಂತಿದ್ದರು.

ಅಪ್ಪ ಹೋಗಿ ಚಿಲಕ ತೆಗೆದರು.

“ಮದುವೆ ಇನ್ನೂ ಮುಂದಿನ ತಿಂಗಳು ಕಣೋ.”

“ಗೊತ್ತು ಭಾವ.”

ಮಾವನ ಎಲ್ಲ ಮಾತನ್ನೂ ನಾನು ಅವರಿಗಿಂತ ಚೆನ್ನಾಗಿ ಆಡುತ್ತೇನೆ. ಈಗ ದನಿ ಮಾಡಲು ಅಪ್ಪಣೆಯೂ ವಾಪಸು ಸಿಕ್ಕಿದೆ. ಆದರೆ ಆ ‘ಗೊತ್ತು ಭಾವ’ ಮಾತ್ರ, ಎಷ್ಟು ಸಲ ಬಾಯಿ ತೆರೆದರೂ, ನನ್ನ ಗಂಟಲಿನಿಂದ ಹೊರಡುತ್ತಿಲ್ಲ.