ಅಣ್ಣನವರ ನೆಲದ ಮೇಲೆ ಸಾರುವೆಯ ಎರಡು ಕಾಲು ಊರುವ ಬಗ್ಗೆ

ಇಂದ:
ಕಿರಿಯ ಮಗ,
ಗೆರೆಯ ಎಡಭಾಗ,
ಕೆಳಗಿನ ಅರ್ಧ ಏಣಿಯ ಹಕ್ಕುದಾರ.

ಗೆ:
ಸನ್ಮಾನ್ಯ ಅಣ್ಣನವರು,
ನಿವೃತ್ತ ಕಚೇರಿ ಅಧೀಕ್ಷಕರು,
ಗೆರೆಯ ಬಲಭಾಗ,
ಮೇಲಿನ ಅರ್ಧ ಏಣಿಯ ಹಕ್ಕುದಾರರು.

ವಿಷಯ: ಅಮ್ಮನ ಕೋಣೆಗೆ ನೀರು ಸುರಿಯುತ್ತಿರುವ ಕಾರಣ, ಸೂರಿನವರೆಗೆ ಹತ್ತಲು ತರುವ ಬಾಡಿಗೆ ಸಾರುವೆಯ ನಾಲ್ಕು ಕಾಲುಗಳ ಪೈಕಿ ಎರಡನ್ನು ತಮ್ಮ ಪಾಲಿನ ಅಂಗಳದಲ್ಲಿ ಊರಲು ಅನುಮತಿ ಕೋರಿ.

ಉಲ್ಲೇಖ: 1. ಮನೆ ಹಂಚಿದ ದಿನ ತಾವು ನನ್ನೊಡನೆ ಆಡಿದ ಕೊನೆಯ ಮಾತು: "ಇನ್ಮೇಲೆ ಏನಿದ್ರೂ ಬರೆದು ಕೊಡು."
2. ಅಮ್ಮನ ಮೌಖಿಕ ಆದೇಶ (ಇಂದು ಬೆಳಿಗ್ಗೆ, ಏರುದನಿಯಲ್ಲಿ).

ಮಾನ್ಯರೇ,

ಒಂದೇ ಹೊಟ್ಟೆಯಲ್ಲಿ ಹುಟ್ಟಿ, ಒಂದೇ ಸೂರಿನಡಿ ಬಾಳುತ್ತಾ, ಅರ್ಜಿಯ ಮೂಲಕ ಮಾತ್ರ ತಮ್ಮನ್ನು ಕಾಣಲು ಅರ್ಹನಾಗಿರುವ ನಾನು ತಮ್ಮ ಅವಗಾಹನೆಗೆ ತರುವುದೇನೆಂದರೆ:

1. ಹಂಚಿಕೆಯ ದಿನ ಪಾತ್ರೆ, ಕಪಾಟು, ಗಡಿಯಾರ ಎಲ್ಲ ಸುಸೂತ್ರವಾಗಿ ಪಾಲಾದವು. ಮರದ ಏಣಿಗೆ ಮಾತ್ರ ಇಬ್ಬರೂ ಕೈ ಹಾಕಿದೆವು. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಆದಕಾರಣ ಬಡಗಿಯನ್ನು ಕರೆಸಿ ಸದರಿ ಏಣಿಯನ್ನು ನಡುವಿಗೆ ಸರಿಯಾಗಿ ಕೊಯ್ಯಿಸಲಾಯಿತು. ಎರಡು ಅರ್ಧಗಳಲ್ಲಿ ಯಾವುದೂ ಕಿಟಕಿಯ ತಲೆ ದಾಟುವುದಿಲ್ಲ ಎಂಬುದು ಆಮೇಲೆ ಇಬ್ಬರ ಗಮನಕ್ಕೂ ಬಂದಿದೆ. ಮಾನ ಹೋಗುತ್ತದೆಂದು ಇಬ್ಬರೂ ಬಾಯಿ ಬಿಟ್ಟಿಲ್ಲ.

2. ಅಂಗಳದ ನಡುವೆ ತಾವು ಬಳಿಸಿದ ಬಿಳಿ ಗೆರೆ ಮನೆಯ ಗೋಡೆಯನ್ನು ಮುಟ್ಟುವ ಜಾಗದಲ್ಲೇ, ಮೇಲೆ, ಸೂರಿನ ನೀರಿಳಿಯುವ ಪೈಪು ಒಡೆದಿದೆ. ಪೈಪಿಗೆ ನಮ್ಮ ಹಂಚಿಕೆ ಗೊತ್ತಿಲ್ಲ. ನೀರು ನೇರವಾಗಿ ಅಮ್ಮನ ಕೋಣೆಗೆ ಇಳಿಯುತ್ತಿದೆ. ಎರಡೂ ಪಾಲಿನ ಕಡೆಗೆ ಬಾಗಿಲಿರುವುದರಿಂದ ಆ ಕೋಣೆಯೊಂದನ್ನು ಕೊಯ್ಯಲಾಗಿರಲಿಲ್ಲ. ಅಮ್ಮ ಮಂಚವನ್ನು ಎಳೆದೂ ಎಳೆದೂ ಈಗ ತಮ್ಮ ಕಡೆಯ ಬಾಗಿಲಿಗೆ ತಂದು ನಿಲ್ಲಿಸಿದ್ದಾಳೆ. ಆದರೂ ಹಾಸಿಗೆ ಒದ್ದೆ. ಕೆಮ್ಮು ಮಾತ್ರ ಎರಡೂ ಪಾಲಿಗೆ ಸಮನಾಗಿ ಕೇಳಿಸುತ್ತಿದೆ. "ಜಗಳ ಆಡೋರು ನೀವು, ನೆನೆಯೋಳು ನಾನಾ?" ಎಂಬುದು ಉಲ್ಲೇಖ 2ರ ಸಾರಾಂಶ.

3. ಹೋದ ವಾರ ತಾವು ಮೇಜಿನ ಮೇಲೆ ಕುರ್ಚಿ, ಕುರ್ಚಿಯ ಮೇಲೆ ತಮ್ಮ ಅರ್ಧ ಏಣಿ ಇಟ್ಟು, ಅತ್ತಿಗೆಯವರಿಂದ ಹಿಡಿಸಿ, ಹತ್ತಿದಿರಿ. ಕುರ್ಚಿ ಜಾರಿ ತಾವು ಕಿಟಕಿಯ ಸರಳಿಗೆ ಜೋತುಬಿದ್ದಾಗ ಅತ್ತಿಗೆ "ಹಿಡ್ಕೋ ಬಾರೋ!" ಎಂದು ನನ್ನನ್ನು ಕೂಗಿದರು. ಜೋತಾಡುತ್ತಲೇ ತಾವು ಬೇಡವೆಂದು ತಲೆಯಾಡಿಸಿದಿರಿ. ಗೆರೆ ದಾಟಕೂಡದೆಂಬುದು ತಮ್ಮದೇ ಆದೇಶವಾದ ಕಾರಣ ನಾನು ಗೆರೆಯ ಈಚೆಗೇ ನಿಂತೆ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬಂತೆ ತಾವು ಎದ್ದು, ಕುಂಟುತ್ತಾ ಒಳಗೆ ಹೋದಿರಿ. ನನಗೆ ನಗು ಬಂತು. ಆಮೇಲೆ ಊಟ ಸೇರಲಿಲ್ಲ.

4. ಆದ್ದರಿಂದ ನಾನು ಸಾರುವೆ ಬಾಡಿಗೆಗೆ ಕೊಡುವ ಅಂಗಡಿಗೆ ಹೋದೆ. ಸಣ್ಣಪುಟ್ಟ ಗಾರೆ, ಬಣ್ಣದ ಕೆಲಸಕ್ಕೆ ಹತ್ತಿ ನಿಲ್ಲುವ, ನಾಲ್ಕು ಚಕ್ರದ ಕಬ್ಬಿಣದ ಗೋಪುರ ಅದು. ಅಂಗಡಿಯವನು ಅಡ್ಡಗಾಲು ಹಾಕಿದ.

"ಒಬ್ರಿಗೆ ಕೊಡಲ್ಲ ಸ್ವಾಮಿ. ಮೇಲೊಬ್ರು, ಕೆಳಗೊಬ್ರು. ಮೇಲಿರೋರಿಗೆ ಚಕ್ರ ಕಾಣಲ್ಲ, ಕೆಳಗಿರೋರು ಮಾತಾಡ್ತಾನೇ ಇರ್ಬೇಕು."

"ಮಾತಾಡಲ್ಲ. ಬರೆದು ತೋರಿಸಿದ್ರೆ ನಡೆಯುತ್ತಾ?" ಎಂದೆ.

ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಬೀಳೋ ಹೊತ್ತಿಗೆ ಅರ್ಜಿ ಬರ್ಕೊಂಡು ಕೂತಿರ್ತೀರಾ?"

5. ಅತ್ತಿಗೆಯವರ ಪಾಡು ಕಂಡ ನನ್ನ ಹೆಂಡತಿ ಕೆಳಗೆ ನಿಲ್ಲಲು ಸುತರಾಂ ಒಲ್ಲೆ ಎಂದಿದ್ದಾಳೆ. ತಮಗಾದರೋ ಈ ಹುದ್ದೆಯ ಪೂರ್ವಾನುಭವವಿದೆ. ಚಿಕ್ಕಂದಿನಲ್ಲಿ ಸೂರಿನ ಮೇಲೆ ಬಿದ್ದ ಚೆಂಡು ತರಲು ನಾನು ಅದೇ ಮರದ ಏಣಿ ಹತ್ತುವಾಗೆಲ್ಲ, ತಾವು ಕೆಳಗೆ ಹಿಡಿದು ನಿಂತು "ನೋಡ್ಕೊಂಡು ಕಾಲಿಡೋ ಗಿಡ್ಡ, ಕಣ್ಣು ಎಲ್ಲಿಟ್ಟಿದ್ದೀಯ?" ಎಂದು ನಾನು ಇಳಿಯುವವರೆಗೂ ಬೈಯುತ್ತಿದ್ದಿರಿ. ನಾನು ಒಮ್ಮೆಯೂ ಬೀಳಲಿಲ್ಲ. ನನ್ನನ್ನು ಅಷ್ಟು ಎಡೆಬಿಡದೆ ಬೈಯಬಲ್ಲ ಅಭ್ಯರ್ಥಿ ಬೇರೆ ಯಾರೂ ಸಿಕ್ಕಿಲ್ಲ.

ಆದಕಾರಣ, ಸಾರುವೆಯ ಎರಡು ಕಾಲಿಗೆ ತಮ್ಮ ನೆಲವನ್ನೂ, ನಾನು ಮೇಲಿರುವಷ್ಟು ಹೊತ್ತು ತಮ್ಮ ಬಾಯನ್ನೂ ಮಂಜೂರು ಮಾಡಬೇಕಾಗಿ ಪ್ರಾರ್ಥನೆ. ಗೆರೆ ಅಳಿಸಬೇಕಾಗಿಲ್ಲ. ಚಕ್ರ ಅದರ ಮೇಲೆ ನಿಲ್ಲುವುದಿಲ್ಲ.

ತಮ್ಮ ವಿಶ್ವಾಸಿ,
ಗಿಡ್ಡ

ಲಗತ್ತುಗಳು:
1. ಅಮ್ಮನ ಒದ್ದೆ ದಿಂಬು, ಒಂದು. ಪರಿಶೀಲಿಸಿ, ಒಣಗಿಸಿ ಹಿಂದಿರುಗಿಸುವುದು.
2. ನನ್ನ ಪಾಲಿನ ಅರ್ಧ ಏಣಿ. ಹಿಂದಿರುಗಿಸಬೇಕಾಗಿಲ್ಲ.

ವಿ.ಸೂ.: ಈ ಅರ್ಜಿಗೆ ದಯವಿಟ್ಟು ಲಿಖಿತ ಉತ್ತರ ಬೇಡ. ಕಿಟಕಿಯಿಂದ ಒಮ್ಮೆ ಬೈದರೆ ಸಾಕು. ಅಮ್ಮ ಬಾಗಿಲಲ್ಲೇ ಕೂತು ಕಾಯುತ್ತಿದ್ದಾಳೆ.