ನಗು ಬರುತ್ತದೆಂದು ಬಿಟ್ಟ ಮನೆ

ಕೊಳ್ಳಲು ಹೋದ ಮನೆಯನ್ನು ಬಿಟ್ಟುಬರಲು ಜನ ನೂರೆಂಟು ಕಾರಣ ಹೇಳುತ್ತಾರೆ. ಆಯ ಸರಿಯಿಲ್ಲ ಅನ್ನುತ್ತಾರೆ, ನಲ್ಲಿಯಲ್ಲಿ ನೀರಿನ ಬದಲು ಗಾಳಿ ಬರುತ್ತದೆ ಅನ್ನುತ್ತಾರೆ, ಎದುರಿನ ಬೀದಿ ನೇರವಾಗಿ ಬಂದು ನಮ್ಮ ಬಾಗಿಲಿಗೇ ಗುದ್ದುತ್ತದೆ ಅನ್ನುತ್ತಾರೆ. ನಾವು ಅಲ್ಲಾಳಸಂದ್ರದಲ್ಲಿ ಒಂದು ಒಳ್ಳೆಯ ಮನೆಯನ್ನು ಕೈಯಾರೆ ಬಿಟ್ಟದ್ದು ಇದ್ಯಾವುದಕ್ಕೂ ಅಲ್ಲ, ನನ್ನ ಗಂಟಲಿನಿಂದ. ಸುತ್ತಿಬಳಸಿ ಹೇಳಿ ಕೊನೆಗೆ ಸಿಕ್ಕಿಬೀಳುವುದಕ್ಕಿಂತ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ತಪ್ಪು ನನ್ನದು. ಅದರಲ್ಲಿ ಅಪ್ಪನದೂ ಒಂದು ಪಾಲಿದೆ ಎಂದು ಮನೆಯಲ್ಲಿ ವಾದಿಸಿ ನೋಡಿದ್ದೇನೆ. ವಾದ ನಿಲ್ಲಲಿಲ್ಲ, ನಾನೇ ಎದ್ದು ಹೊರಗೆ ಹೋಗಬೇಕಾಯಿತು.

ನನಗೊಂದು ರೋಗವಿದೆ. ಯಾರನ್ನಾದರೂ ಐದು ನಿಮಿಷ ನೋಡಿದರೆ ಸಾಕು, ಅವರು ನನ್ನೊಳಗೆ ಬಾಡಿಗೆಗೆ ಬಂದು ಕೂತುಬಿಡುತ್ತಾರೆ. ಬಸ್ಸಿನ ಕಂಡಕ್ಟರು ಸೀಟಿ ಊದುವ ಮೊದಲು ಮೂಗೆಳೆಯುವ ರೀತಿ, ನಮ್ಮ ಕಾಲೇಜಿನ ಅಕೌಂಟೆನ್ಸಿ ಮೇಷ್ಟ್ರು ಬೋರ್ಡಿಗೆ ಬೆನ್ನು ಹಾಕಿ ಆಕಳಿಸುವ ರೀತಿ, ಸೋದರಮಾವ ಎರಡನೇ ಸಲ ಅನ್ನ ಬೇಡವೆನ್ನುತ್ತಲೇ ತಟ್ಟೆ ಮುಂದೆ ನೂಕುವ ರೀತಿ, ಎಲ್ಲವೂ ನನ್ನಲ್ಲಿ ಸಿಗುತ್ತವೆ. ಸಿಗದಿರುವುದು ನನ್ನದೇ ಧ್ವನಿ ಮಾತ್ರ. ಒಮ್ಮೆ ಪ್ರಿನ್ಸಿಪಾಲರ ಕೋಣೆಯ ಬಾಗಿಲಲ್ಲಿ ನಿಂತು "ಒಳಗೆ ಬರಬಹುದಾ ಸಾರ್" ಎಂದು ಪ್ರಿನ್ಸಿಪಾಲರ ಧ್ವನಿಯಲ್ಲೇ ಕೇಳಿಬಿಟ್ಟೆ. ಅವರು ಗಾಬರಿಯಾಗಿ ಎದ್ದು ನಿಂತರು. ನಾನು ಮೂರು ದಿನ ಕಾಲೇಜಿನ ಹೊರಗೆ ನಿಂತೆ.

ಆಗ ನಾವು ಯಶವಂತಪುರದ ಒಂದು ವಠಾರದಲ್ಲಿದ್ದೆವು. ಅಪ್ಪನಿಗೆ ಧಾರವಾಡದಿಂದ ಈ ಊರಿನ ಆಫೀಸಿಗೆ ವರ್ಗವಾಗಿ ಬಂದ ಮೇಲೆ ಅದೇ ನಮ್ಮ ಮೊದಲ ಮನೆ. ಎರಡು ಕೋಣೆ, ಎಂಟು ಸಂಸಾರಕ್ಕೆ ಒಂದೇ ನಲ್ಲಿ. ಗಾಳಿ ಬೆಳಕು ಕಡಿಮೆ, ಆದರೆ ಮಾತಿಗೆ ಮಾತ್ರ ಬರಗಾಲವಿಲ್ಲ. ಅವ್ವ ಕೊಡಪಾನ ಹಿಡಿದು ನಲ್ಲಿಗೆ ಹೋದರೆ ನೀರು ತುಂಬಲು ಹತ್ತು ನಿಮಿಷ, ಸುದ್ದಿ ತುಂಬಲು ಒಂದು ಗಂಟೆ. ಸ್ವಂತ ಮನೆ ಕೊಳ್ಳುವ ಯೋಚನೆ ಬಂದಾಗ ಅವಳು ಇಟ್ಟ ಷರತ್ತು ಒಂದೇ. "ಗ್ವಾಡಿ ಹ್ಯಾಂಗರ ಇರ್ಲಿ, ಸುಣ್ಣ ಹಚ್ಚಿದ್ರ ಆತು. ಆಚೀಕಡೆ ಮಾತಾಡಾಕ ಒಬ್ಬಾಕಿ ಇರ್ಬೇಕ್ ನೋಡ್ರಿ. ಈ ಊರಾಗ ನನಗ ಅಷ್ಟ ಬೇಕು." ಅಪ್ಪ ಅದನ್ನು ಗಂಭೀರವಾಗಿ ತೆಗೆದುಕೊಂಡರು. ಅಪ್ಪ ಏನನ್ನಾದರೂ ಗಂಭೀರವಾಗಿ ತೆಗೆದುಕೊಂಡರೆಂದರೆ ಅದಕ್ಕೊಂದು ಪರೀಕ್ಷೆ ಇಟ್ಟರೆಂದೇ ಅರ್ಥ.

ನಮ್ಮ ಕಡೆ ಬಾಯಾರಿ ಬಂದವರಿಗೆ ಬರೀ ನೀರು ಕೊಡುವುದಿಲ್ಲ, ಜೊತೆಗೆ ಒಂದು ಚೂರು ಬೆಲ್ಲ ಇಡುತ್ತಾರೆ. ಅಪ್ಪನ ಪರೀಕ್ಷೆ ಅದೇ. ಪ್ರತಿ ಭಾನುವಾರ ನಾವು ಮೂವರು ಯಾವುದಾದರೊಂದು ಬಡಾವಣೆಗೆ ಹೋಗಬೇಕು, ಮಾರಾಟಕ್ಕಿರುವ ಮನೆಯನ್ನು ಎರಡು ನಿಮಿಷ ನೋಡಿದಂತೆ ಮಾಡಬೇಕು, ಆಮೇಲೆ ಅಪ್ಪ ಪಕ್ಕದ ಮನೆಯ ಬಾಗಿಲು ತಟ್ಟಿ "ಒಂದಿಷ್ಟು ನೀರು ಕೊಡ್ತೀರೇನ್ರೀ" ಎಂದು ಕೇಳಬೇಕು. ನೀರಿನ ಜೊತೆ ಏನು ಬಂತು ಎನ್ನುವುದರ ಮೇಲೆ ಬಡಾವಣೆಯ ಫಲಿತಾಂಶ. ಬೆಂಗಳೂರಿನವರಿಗೆ ಈ ಪರೀಕ್ಷೆ ಇದೆಯೆಂದೇ ಗೊತ್ತಿಲ್ಲ, ಪಾಪ, ಓದಿಕೊಂಡಿರಲಿಲ್ಲ. ಆರ್.ಟಿ. ನಗರ ಇಡಿಯಾಗಿ ಫೇಲಾಯಿತು. ಅಲ್ಲೊಬ್ಬ ಮಹನೀಯರು ಕಿಟಕಿಯ ಸರಳಿನ ನಡುವೆ ಲೋಟ ತೂರಿಸಿ, ಅಪ್ಪ ಕುಡಿದು ಮುಗಿಸುವವರೆಗೂ ಲೋಟದ ಬುಡ ಹಿಡಿದುಕೊಂಡೇ ನಿಂತಿದ್ದರು. ಹೆಬ್ಬಾಳದಲ್ಲಿ ಒಬ್ಬಾಕೆ ನಮ್ಮನ್ನು ಜನಗಣತಿಯವರೆಂದು ತಿಳಿದು, ನೀರು ಕೊಡುವ ಮೊದಲೇ ಮನೆಯಲ್ಲಿ ಎಷ್ಟು ಜನ, ಯಾರು ಎಷ್ಟು ಓದಿದ್ದಾರೆ ಎಂದೆಲ್ಲ ಹೇಳಿಬಿಟ್ಟರು. "ನೀರು ಬಂದಿಲ್ಲ, ವರದಿ ಬಂತು" ಎಂದು ಅಪ್ಪ ಅದಕ್ಕೂ ಸೊನ್ನೆ ಕೊಟ್ಟರು.

ಇದರ ಜೊತೆಗೆ ನನ್ನ ಅಧ್ಯಾಯವೂ ನಡೆಯುತ್ತಿತ್ತು. ಭಾನುವಾರ ಸಂಜೆ ವಠಾರಕ್ಕೆ ಹಿಂದಿರುಗಿದ ಮೇಲೆ ಆ ದಿನ ಕಂಡವರನ್ನೆಲ್ಲ ನಾನು ಮಾಡಿ ತೋರಿಸಬೇಕು. ಮೊದಲು ಅವ್ವನೇ ಕೇಳುತ್ತಿದ್ದಳು. ಆಮೇಲೆ ಎದುರು ಮನೆಯವರು ಮಣೆ ತಂದು ಕೂತರು. ಲೋಟದ ಬುಡ ಹಿಡಿದ ಮಹನೀಯರನ್ನು ಜನ ಮತ್ತೆ ಮತ್ತೆ ಕೇಳಿ ಮಾಡಿಸಿದರು. ಅಪ್ಪ ಮಾತ್ರ ಪೇಪರಿನ ಹಿಂದೆ ಮುಖವಿಟ್ಟುಕೊಂಡು "ಮಂಗ್ಯಾ, ಸಾಕು ಮಾಡು" ಅನ್ನುತ್ತಿದ್ದರು, ಪೇಪರು ನಡುಗುತ್ತಿತ್ತು.

ಹೀಗಿರುವಾಗ ಅಲ್ಲಾಳಸಂದ್ರದ ಮನೆ ಸಿಕ್ಕಿತು. ಕೆರೆಯ ಕಡೆಯಿಂದ ಗಾಳಿ, ಹಿತ್ತಲಲ್ಲಿ ಸೀಬೆ ಗಿಡ, ಎದೆಮಟ್ಟದ ಕಾಂಪೌಂಡು ಗೋಡೆ. ಅಪ್ಪ ಪಕ್ಕದ ಮನೆಯ ಬಾಗಿಲು ತಟ್ಟುವ ಅಗತ್ಯವೇ ಬೀಳಲಿಲ್ಲ. ಗೋಡೆಯ ಆಚೆಯಿಂದ ಒಂದು ಮುಖ ತಾನಾಗಿಯೇ ಎದ್ದು ಬಂತು. ಅವರ ಹೆಸರು ಕಮಲಮ್ಮ. ಒಂದು ಕೈ ಸೊಂಟದ ಮೇಲೆ, ಇನ್ನೊಂದು ಕೈಯಲ್ಲಿ ಗೋಡೆಯನ್ನು ಎಮ್ಮೆಯ ಬೆನ್ನು ತಟ್ಟಿದಂತೆ ತಟ್ಟುತ್ತಾ ಶುರುಮಾಡಿದರು.

"ಮನೆ ನೋಡೋಕ್ ಬಂದ್ರಾ? ಮನೆ ನೋಡೋಕೇ ಬಂದಿರ್ತೀರ, ಇನ್ನೇನ್ ನನ್ ಮುಖ ನೋಡೋಕ್ ಬರ್ತೀರಾ? ಯಾವ್ ಕಡೆಯೋರು? ಧಾರ್ವಾಡದ ಕಡೆಯೋರು, ಮಾತಲ್ಲೇ ಗೊತ್ತಾಗಲ್ವಾ? ಊಟ ಆಯ್ತಾ? ಆಗಿರತ್ತೆ. ಎಲ್ಲಿ ಆಗಿರತ್ತೆ, ಈ ಬಿಸ್ಲಲ್ಲಿ ಬಸ್ ಹಿಡ್ಕೊಂಡ್ ಬಂದಿದೀರ!"

ಪ್ರಶ್ನೆಯೂ ಅವರದೇ, ಉತ್ತರವೂ ಅವರದೇ, ಆ ಉತ್ತರಕ್ಕೆ ತಕರಾರೂ ಅವರದೇ. ನಾವು ಮೂವರು ಬಾಯಿ ತೆರೆದು ಮುಚ್ಚುವುದರೊಳಗೆ ಗೋಡೆಯ ಮೇಲೆ ಮಜ್ಜಿಗೆಯ ಚೊಂಬು ಬಂತು, ಅದರ ಹಿಂದೆ ಉಪ್ಪಿಟ್ಟು ಬಂತು, ಅವ್ವನ ತಲೆಯಲ್ಲಿ ಹೂವಿಲ್ಲದ್ದು ಕಂಡು ಒಂದು ತುಂಡು ಕನಕಾಂಬರವೂ ಬಂತು. ಬೆಲ್ಲ ಬರಲಿಲ್ಲ. ಆದರೂ ಅಪ್ಪ ಬಸ್ಸಿನಲ್ಲಿ ಗ್ರೇಸ್ ಮಾರ್ಕ್ಸ್ ಹಾಕಿ ಫಸ್ಟ್ ಕ್ಲಾಸಿನಲ್ಲಿ ಪಾಸು ಮಾಡಿದರು. ಅವ್ವ ಹೂವನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು. "ಸಿಕ್ಕಳು ನೋಡ್ರಿ" ಎಂದಳು. ಮನೆ ಸಿಕ್ಕಿತು ಅನ್ನಲಿಲ್ಲ.

ಆ ಸಂಜೆ ನಾನು ಕಮಲಮ್ಮನನ್ನು ಮಾಡಿ ತೋರಿಸಿದೆ. ಅದು ನನ್ನ ಜೀವನದ ಅತ್ಯುತ್ತಮ ಪ್ರದರ್ಶನ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ, ಆದರೆ ಆಗಿದ್ದು ನಿಜ. ಗೋಡೆಯ ಬದಲು ಟ್ರಂಕನ್ನು ತಟ್ಟಿದೆ. ವಠಾರವೇ ಉರುಳಾಡಿತು. ಸೋಮವಾರ ಅವ್ವ ರೊಟ್ಟಿ ಬಡಿಯುವಾಗ ಹೋಗಿ "ರೊಟ್ಟಿನಾ? ರೊಟ್ಟಿನೇ" ಎಂದೆ. ಮಂಗಳವಾರ ಅಪ್ಪ ಸ್ನಾನಕ್ಕೆ ಹೊರಟಾಗ "ಸ್ನಾನಕ್ಕಾ? ಇನ್ನೇನ್ ಸಿನಿಮಾಕ್ಕಾ, ಟವಲ್ ಸುತ್ಕೊಂಡು?" ಎಂದೆ. ವಾರವಿಡೀ ನಮ್ಮ ಮನೆಯಲ್ಲಿ ಪ್ರಶ್ನೆ ಕೇಳಿದವರೇ ಉತ್ತರ ಹೇಳಿಕೊಳ್ಳಬೇಕಾದ ಪರಿಸ್ಥಿತಿ.

ಮುಂದಿನ ಭಾನುವಾರ ಮನೆ ಮಾತು ಮುಗಿಸಲೆಂದು ಮತ್ತೆ ಅಲ್ಲಾಳಸಂದ್ರಕ್ಕೆ ಹೋದೆವು. ಗೋಡೆಯ ಮೇಲೆ ಮುಖ ಎದ್ದಿತು. ಕೈ ಸೊಂಟಕ್ಕೆ ಹೋಯಿತು. "ಬಂದ್ರಾ? ಬಂದೇ ಬರ್ತೀರ ಅಂತ ನಂಗೊತ್ತಿತ್ತು!" ಅಷ್ಟೇ. ಅವ್ವನ ಮುಖ ಒಮ್ಮೆಲೇ ಕೆಂಪಾಯಿತು. ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಕೆಮ್ಮತೊಡಗಿದಳು. ಕಮಲಮ್ಮ ಗಾಬರಿಯಾಗಿ ನೀರು ತಂದರು. "ಕೆಮ್ಮಾ? ಕೆಮ್ಮೇ. ಎಲ್ಲಿ ಕೆಮ್ಮು, ಬಸ್ಸಿನ್ ಧೂಳು!" ಎಂದು ಗೋಡೆಯನ್ನು ಎರಡು ಸಲ ತಟ್ಟಿದರು. ಅವ್ವ ಹಿತ್ತಲಿಗೆ ಓಡಿಹೋಗಿ, ಸೀಬೆ ಗಿಡ ಹಿಡಿದುಕೊಂಡು ಕೂತೇಬಿಟ್ಟಳು. ಅವಳ ಬೆನ್ನು ಕುಣಿಯುವುದು ನಾವು ನಿಂತಲ್ಲಿಂದಲೇ ಕಾಣುತ್ತಿತ್ತು. "ಪಾಪ, ಉಬ್ಬಸ ಇರ್ಬೇಕು. ನಮ್ ಕೆರೆ ಗಾಳೀಗ್ ಸರಿ ಹೋಗತ್ತೆ ಬಿಡಿ" ಎಂದು ಕಮಲಮ್ಮ ಅಪ್ಪನಿಗೆ ಧೈರ್ಯ ಹೇಳಿದರು.

ಹಿಂದಿರುಗುವ ಬಸ್ಸಿನಲ್ಲಿ ಅವ್ವ ನಗಲಿಲ್ಲ. ಹೆಬ್ಬಾಳ ದಾಟಿದ ಮೇಲೆ ಅಳುವವಳಂತೆ ಹೇಳಿದಳು, "ಅಲ್ರೀ, ಅಷ್ಟು ಒಳ್ಳೆ ಹೆಣ್ಮಗಳು. ಆಕಿ ಮಾರಿ ನೋಡಿದ್ರ ಸಾಕು, ನನಗ ಇವನ ಟ್ರಂಕ ನೆನಪಾಗ್ತದ. ದಿನಾ ಬೆಳಗಾದ್ರ ಆಕಿ ಮುಂದ ಹೆಂಗ ನಿಲ್ಲಲಿ? ಒಂದಿನ ಗೊತ್ತಾದ್ರ ಆಕಿ ಮನಸಿಗೆ ಏನಾಗ್ಬೇಕು?"

"ನಗಿ ಬರ್ತದಂತ ಮನಿ ಬಿಡ್ತಾರೇನ ಯಾರರ?" ಎಂದು ಅಪ್ಪ ರೇಗಿದರು.

ಅವ್ವ ನನ್ನ ಕಡೆ ತಿರುಗಿದಳು. "ನೋಡಪಾ, ಇನ್ಮ್ಯಾಲೆ ಆಕಿದು ಮಾಡೂದಿಲ್ಲಂತ ಒಂದ್ ಮಾತು ಹೇಳು. ಸ್ವಲ್ಪ ದಿವ್ಸಕ್ಕ ಮರತ್ ಹೋಗ್ತದ. ತೊಗೊಂಡಬಿಡೋಣ."

ಇಲ್ಲಿ ಯಾವನೇ ಸರಿಯಾದ ಮಗನಾಗಿದ್ದರೆ "ಮಾಡೂದಿಲ್ಲವ್ವ" ಎನ್ನುತ್ತಿದ್ದ. ಎರಡು ಶಬ್ದ ಹೇಳುವ ಖರ್ಚು. ಆದರೆ ಬಸ್ಸಿನಲ್ಲಿ ಹಿಂದಿನ ಸೀಟಿನವರು ಕಿವಿಗೊಟ್ಟಿದ್ದರು, ನನ್ನ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು, ಇನ್ನೊಂದು ಕೈ ಮುಂದಿನ ಸೀಟಿನ ಕಂಬಿಯನ್ನು ತಟ್ಟಿತು. "ಮಾಡಲ್ವಾ? ಮಾಡ್ದೇ ಇರ್ತೀನಾ!" ಎಂದೆ. ಹಿಂದಿನ ಸೀಟಿನವರು ನಕ್ಕರು. ಅವ್ವನೂ ನಕ್ಕಳು, ಆದರೆ ನಗುತ್ತಲೇ ಕಣ್ಣೊರೆಸಿಕೊಂಡು ಅಪ್ಪನಿಗೆ ಹೇಳಿದಳು, "ಬ್ಯಾಡ್ರಿ. ಬ್ಯಾರೆ ನೋಡ್ರಿ."

ಬೇರೆಯದೇ ನೋಡಿದರು. ಬಾಗಲಗುಂಟೆಯಲ್ಲಿ ಹೊಸ ಬಡಾವಣೆ. ಸಂಸಾರಸ್ಥರಿಗೆಂದೇ ಮಾಡಿದ್ದು ಎಂದು ಬ್ರೋಕರು ಕೈ ಚಾಚಿ ಚಾಚಿ ತೋರಿಸಿದ್ದ. ಇಲ್ಲಿ ಪಾರ್ಕು ಬರುತ್ತದೆ, ಅಲ್ಲಿ ಶಾಲೆ ಬರುತ್ತದೆ, ಆ ಮೂಲೆಯಲ್ಲಿ ಗಣಪತಿ ಬರುತ್ತಾನೆ. ಇನ್ನೂ ಯಾವುದೂ ಬಂದಿಲ್ಲ, ಗಣಪತಿಯೂ ಸೇರಿ. ಅಪ್ಪ ಪರೀಕ್ಷೆ ಮಾಡದೆಯೇ ಕೊಂಡರು, ವಠಾರ ಬಿಟ್ಟು ಅಲ್ಲಿಗೆ ಹೋದೆವು. ಅವರಿಗೆ ಪರೀಕ್ಷೆಯೇ ಬೇಸರವಾಗಿತ್ತು. ಅಕ್ಕಪಕ್ಕದವರು ಬಹಳ ಸಭ್ಯರು. ಎಡಗಡೆಯವರು ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ, ಹಗಲೆಲ್ಲ ನಿದ್ದೆ, ಕುಕ್ಕರು ಕೂಗಿದರೂ ಅವರಿಗೆ ತೊಂದರೆ. ಬಲಗಡೆಯ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಬೆಳಿಗ್ಗೆ ಬೀಗ, ಸಂಜೆ ದೀಪ. ಎದುರಾದರೆ "ನಮಸ್ಕಾರ" ಎನ್ನುತ್ತಾರೆ, ಅದೂ ಎಷ್ಟು ಸರಿಯಾಗಿ ಎಂದರೆ ಅದರಲ್ಲಿ ಅಣಕಿಸಲು ಒಂದು ಮೂಲೆಯೂ ಸಿಗುವುದಿಲ್ಲ. ಆರು ತಿಂಗಳಲ್ಲಿ ನನ್ನ ಕಲೆಗೆ ತುಕ್ಕು ಹಿಡಿಯಿತು. ಅದು ಹಿಡಿದರೆ ಹಿಡಿಯಲಿ.

ಒಂದು ಮಧ್ಯಾಹ್ನ ಕಾಲೇಜಿನಿಂದ ಬೇಗ ಬಂದೆ. ಅಡುಗೆಮನೆಯಲ್ಲಿ ಮಾತು ಕೇಳಿಸಿತು. ಯಾರೋ ಬಂದಿದ್ದಾರೆ ಎಂದು ಖುಷಿಯಾಗಿ ಬಾಗಿಲಲ್ಲಿ ಇಣುಕಿದೆ. ಅವ್ವ ಒಬ್ಬಳೇ ಹಿಟ್ಟು ಜರಡಿ ಹಿಡಿಯುತ್ತಿದ್ದಳು. "ಸಾರಿಗೆ ಉಪ್ಪು ಆತೇನ? ಆತು. ಎಲ್ಲಿ ಆತು, ಇನ್ನ ಚೂರು ಬೇಕು" ಎನ್ನುತ್ತಿದ್ದಳು. ಕಮಲಮ್ಮನನ್ನು ಮಾಡುತ್ತಿದ್ದಾಳೆ, ನನ್ನ ರೋಗ ಅವಳಿಗೂ ಅಂಟಿತು ಎಂದು ಜೋರಾಗಿ ನಕ್ಕೆ. ಅವ್ವ ಬೆಚ್ಚಿ ತಿರುಗಿ "ಯಾಕೋ?" ಎಂದಳು. ಅವಳಿಗೆ ತಾನು ಮಾತಾಡಿದ್ದೇ ಗೊತ್ತಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಹೇಳಲು ಯಾರೂ ಇಲ್ಲದಿದ್ದರೆ ಮನುಷ್ಯ ತಾನೇ ಹೇಳಿಕೊಳ್ಳುತ್ತಾನೆ. ಅಲ್ಲಾಳಸಂದ್ರದ ಗೋಡೆಯ ಮೇಲೆ ಆ ಮುಖ ಅಷ್ಟು ಬೇಗ ಏಕೆ ಎದ್ದಿತು ಎಂಬುದು ಆಗ ನನ್ನ ಮಂದ ತಲೆಗೆ ಹೊಳೆಯಿತು. ಅಷ್ಟು ಚೆನ್ನಾಗಿ ಅವರನ್ನು ನೋಡಿದ್ದ ನಾನು ಅದೊಂದನ್ನು ನೋಡಿರಲಿಲ್ಲ.

"ಅವ್ವ, ಕಮಲಮ್ಮನ ಮನಿಗೆ ಹೋಗಿ ಬರೋಣೇನು?" ಎಂದೆ. ಅವಳು ಜರಡಿ ಕೆಳಗಿಟ್ಟು ಎದ್ದೇಬಿಟ್ಟಳು. ಮರುದಿನವೇ ಎರಡು ಬಸ್ಸು ಬದಲಾಯಿಸಿ ಹೋದೆವು. ನಾವು ಬಿಟ್ಟ ಮನೆಗೆ ಬೀಗ ಹಾಕಿತ್ತು. ಕೊಂಡವರು ಅದನ್ನು ಬಣ್ಣದ ಡಬ್ಬಗಳ ಗೋದಾಮು ಮಾಡಿಕೊಂಡಿದ್ದರು. ಗೋಡೆಯಲ್ಲಿ ಒಂದು ಕಡೆ ಇಟ್ಟಿಗೆಗಳನ್ನು ತೆಗೆದು ಸಣ್ಣ ಕಿಂಡಿ ಮಾಡಿದ್ದು ಕಂಡಿತು, ಅದರಾಚೆ ಡಬ್ಬಗಳು. ಕಮಲಮ್ಮ ನಮ್ಮನ್ನು ಗುರುತು ಹಿಡಿದು ಅವ್ವನ ಎರಡೂ ಕೈ ಹಿಡಿದುಕೊಂಡರು. ನಾನು ಕಿಂಡಿ ನೋಡುತ್ತಿದ್ದುದನ್ನು ಕಂಡು, "ನೀವ್ ಬಂದ್ಬಿಡ್ತೀರ ಅಂದ್ಕೊಂಡ್ ಆ ವಾರಾನೇ ತೆಗೆಸ್ದೆ. ಸಾರು ಪಲ್ಯ ಆಚೆ ಈಚೆ ಕೊಡೋಕೆ ಆಗ್ಲಿ ಅಂತ" ಎಂದರು. ಆಮೇಲೆ ಅವ್ವನನ್ನು ಕೇಳಿದರು, "ಯಾಕ್ ಬರ್ಲಿಲ್ಲ?"

ಈ ಒಂದು ಪ್ರಶ್ನೆಗೆ ಅವರು ತಾವೇ ಉತ್ತರ ಹೇಳಿಕೊಳ್ಳಲಿಲ್ಲ. ಕಾಯುತ್ತಾ ನಿಂತರು.

ಅವ್ವ ನನ್ನ ಮುಖ ನೋಡಿದಳು. ನಾನು ಎಲ್ಲವನ್ನೂ ಹೇಳಿದೆ, ಟ್ರಂಕು, ಸೀಬೆ ಗಿಡ, ಬಸ್ಸಿನ ಕಂಬಿ ಸೇರಿ. ಕಮಲಮ್ಮ ಪೂರ್ತಿ ಕೇಳಿ, "ಎಲ್ಲಿ, ಮಾಡ್ ತೋರ್ಸು" ಎಂದರು. ಮಾಡಿದೆ. ಅಷ್ಟು ಕೆಟ್ಟದಾಗಿ ನಾನು ಯಾರನ್ನೂ ಮಾಡಿದ್ದಿಲ್ಲ. ಆದರೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ನಿನ್ನ! ನಾನ್ ಹಿಂಗಾ? ಹಿಂಗೇ ಇರ್ಬೇಕು! ಇದಕ್ ಹೋಗಿ ಮನೆ ಬಿಟ್ರಾ? ದಿನಾ ಗೋಡೆ ಹತ್ರ ನಿಂತ್ಕೊಂಡ್ ಮೂರ್ ಜನಾನೂ ನಗ್ಬೋದಾಗಿತ್ತಲ್ರೀ!" ಅವ್ವನೂ ನಕ್ಕಳು, ಈ ಸಲ ಸೆರಗು ಅಡ್ಡ ಹಿಡಿಯದೆ. ಇಬ್ಬರೂ ಸಂಜೆಯವರೆಗೆ ಮಾತಾಡಿದರು. ಯಾರ ಪ್ರಶ್ನೆಗೂ ಯಾರೂ ತಾವೇ ಉತ್ತರ ಹೇಳಿಕೊಳ್ಳಲಿಲ್ಲ.

ಹೊರಡುವಾಗ ನನಗೆ ಮತ್ತೆ ಧೈರ್ಯ ಬಂದಿತ್ತು. ಎಲ್ಲ ಸರಿಹೋಯಿತು, ಕ್ಷಮೆಯೂ ಸಿಕ್ಕಿತು ಎಂದು ಲೆಕ್ಕ ಹಾಕಿ, "ಅದಕ್ಕೇನ್ ಬಿಡಿ ಆಂಟಿ, ಈಗ್ಲೂ ಏನ್ ಕೆಟ್ಟೋಗಿಲ್ಲ. ಆಗಾಗ ಬರ್ತಾ ಇರ್ತೀವಲ್ಲ" ಎಂದೆ.

ಕಮಲಮ್ಮ ಅವ್ವನ ಕೈ ಬಿಟ್ಟು, ಗೋಡೆಯ ಕಿಂಡಿಯ ಮೇಲೆ ಅಂಗೈ ಇಟ್ಟರು. ತಟ್ಟಲಿಲ್ಲ.

"ಆಗಾಗ ಬರೋರು ನೆಂಟರು ಕಣಪ್ಪ. ನಾನ್ ಕಾಯ್ತಾ ಇದ್ದಿದ್ದು ಪಕ್ಕದ್ ಮನೆಯೋರ್ನ."