ನನ್ನ ಸೀರೆ ಉಟ್ಟು ಸಾಯುವ ಗೊಂಬೆಬಾಯಿಗೆ

ಮಾನ್ಯ ಗೊಂಬೆಬಾಯಿಯವರೇ,

ಹಿಮಾಯತ್‌ನಗರದ ಗೋದಾವರಿಯ ಅನೇಕ ನಮಸ್ಕಾರಗಳು. ತಮ್ಮ ಹೊಟ್ಟೆಯ ಹತ್ತಿ, ಮೈಯ ಹೊಲಿಗೆ ಎಲ್ಲ ಕ್ಷೇಮವೆಂದು ನಂಬಿದ್ದೇನೆ. ಇಲ್ಲಿ ನನ್ನ ಮೊಣಕಾಲೊಂದು ಬಿಟ್ಟು ಉಳಿದದ್ದು ಕ್ಷೇಮ. ತಮಗೆ ಕಿವಿ ಹೊಲಿಯುವುದನ್ನು ಮರೆತಿರುವುದರಿಂದ ನಾಲ್ಕು ಜನ ಓದುವಂತೆ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಹೋದ ಶನಿವಾರ ನಮ್ಮ ಮೊಮ್ಮಗ ನಿಶಾಂತನ ಕಾಲೇಜಿನ ಮೈದಾನದಲ್ಲಿ, ಹೊಸದಾಗಿ ಗಾಡಿ ಹಿಡಿದ ಹುಡುಗರಿಗೆಂದು, ಅಪಘಾತವನ್ನು ಕಣ್ಣೆದುರೇ ಮಾಡಿ ತೋರಿಸಿ ಬುದ್ಧಿ ಹೇಳುವ ಕಾರ್ಯಕ್ರಮ ನಡೆಯಿತಲ್ಲ, ಅದಕ್ಕೆ ಪೊಲೀಸರು, ದವಾಖಾನೆಯವರು, ಡ್ರೈವಿಂಗ್ ಸ್ಕೂಲಿನವರು ಎಲ್ಲರೂ ಕೈಜೋಡಿಸಿದ್ದಾರೆಂದು ಬ್ಯಾನರಿನಲ್ಲಿ ಬರೆದಿತ್ತು. ನನ್ನ ಇಳಕಲ್ ಸೀರೆಯೂ ಕೈಜೋಡಿಸಿತ್ತು. ಅದರ ಹೆಸರು ಮಾತ್ರ ಬಿಟ್ಟುಹೋಗಿತ್ತು. "ಹಳೇದೊಂದು ಸೀರಿ ಕೊಡ ಅಜ್ಜಿ, ಭಾಳ ಪುಣ್ಯದ ಕೆಲಸ ಐತಿ" ಎಂದು ನಿಶಾಂತ ಒಯ್ದದ್ದು, ರಸ್ತೆ ದಾಟುವ ಮುದುಕಿಯ ಪಾತ್ರದ ತಮಗೆ ಉಡಿಸಲಿಕ್ಕೆ ಎಂಬುದು, ನಾನು ಮೊದಲ ಸಾಲಿನಲ್ಲಿ ಕೂತ ಮೇಲೆಯೇ ತಿಳಿಯಿತು.

ತಾವು ಸತ್ತದ್ದು ಬಹಳ ಚಂದ. ಕಾರು ಬಡಿದದ್ದೇ ತಡ, ಸೆರಗು ಹಾರಿಸುತ್ತ ಅಷ್ಟೆತ್ತರ ಹೋಗಿ ಬಿದ್ದಿರಿ. ಹುಡುಗರು ಸೀಟಿ ಹೊಡೆದು, ಫೋನು ಎತ್ತಿ ಹಿಡಿದು, ಇನ್ನೊಂದು ಸಲ ಎಂದು ಈ ಊರಿನ ತೆಲುಗಿನಲ್ಲಿ ಕೂಗಿದರು. ದಾಕ್ಷಿಣ್ಯದ ಜೀವ ತಮ್ಮದು, ಎಬ್ಬಿಸಿ ನಿಲ್ಲಿಸಿದ ಕೂಡಲೇ ಮತ್ತೊಮ್ಮೆ ಸತ್ತಿರಿ. ಬಾಜು ಕೂತ ನೆರೆಮನೆಯ ಸಾವಿತ್ರಿಬಾಯಿ ಸೀರೆಯ ಗುರುತು ಹಿಡಿದು, "ನೀವ ಬಿದ್ದಂಗ ಆತಲ್ರಿ!" ಎಂದು ನನ್ನನ್ನು ತಿವಿದು ನಕ್ಕರು.

ನನ್ನ ತಕರಾರು ತಾವು ಬಿದ್ದದ್ದಕ್ಕಲ್ಲ, ಎದ್ದದ್ದಕ್ಕೆ. ವಾಪಸು ಬರುವಾಗ ಹೊಸ ಲೈಸೆನ್ಸಿನ ನಿಶಾಂತ ನಮ್ಮ ಓಣಿಯ ತಿರುವಿನಲ್ಲಿ ಕಾರನ್ನು ಎಷ್ಟು ಜೋರು ತಿರುಗಿಸಿದನೆಂದರೆ, ಹೂವಿನ ಬುಟ್ಟಿಯ ಹೆಂಗಸೊಬ್ಬಳು ಹಿಂದಕ್ಕೆ ಜಿಗಿದು ಉಳಿದುಕೊಂಡಳು. ಹಿಂದಿನ ಸೀಟಿನಲ್ಲಿ ಕೂತ ನಾನು ಬೈದದ್ದಕ್ಕೆ, "ಏನೂ ಆಗಂಗಿಲ್ಲ ಅಜ್ಜಿ, ಸುಮ್ನ ಅಂಜತಿ" ಎಂದ. ಏನೂ ಆಗುವುದಿಲ್ಲವೆಂಬ ವಿದ್ಯೆಯನ್ನು ಅವನಿಗೆ ಅಷ್ಟು ಚಂದ ಕಲಿಸಿದ ಗುರುಗಳು ತಾವೇ.

ಆದ್ದರಿಂದ ಕೈಮುಗಿದು ಕೇಳುತ್ತೇನೆ, ಇನ್ನು ಮುಂದೆ ಬಿದ್ದ ಮೇಲೆ ಬಿದ್ದೇ ಇರಿ. ಭಾಷಣ ನಡೆಯುವಾಗಲೂ ಇರಿ. ಹುಡುಗರು ತಮ್ಮನ್ನು ದಾಟಿಕೊಂಡೇ ಹೋಗಿ ಉಪ್ಪಿಟ್ಟು ತಿನ್ನಲಿ. ಸಾಧ್ಯವಾದರೆ ಒಬ್ಬ ಮೊಮ್ಮಗನನ್ನೂ ಸಂಪಾದಿಸಿಕೊಂಡು, ಅವನನ್ನು ತಮ್ಮ ಪಕ್ಕದಲ್ಲಿ ಕೂಡಿಸಿಕೊಳ್ಳಿ.

ಇದಾವುದೂ ಆಗದಿದ್ದರೆ ಮುಂದಿನ ಸಲ ತಾವು ರಜೆ ಹಾಕಿರಿ, ನಾನೇ ನಿಲ್ಲುತ್ತೇನೆ; ಸೀರೆ ಹೇಗೂ ನನ್ನದೇ, ಕಾರು ನಿಶಾಂತನೇ ನಡೆಸಲಿ. ಅಂದು ರಾತ್ರಿ ಊಟಕ್ಕೆ ಕೂತಾಗ ಅವನಿಗೂ ಇದನ್ನೇ ಹೇಳಿದೆ. ಅನ್ನ ಕಲಸುತ್ತಿದ್ದ ಅವನ ಕೈ ನಿಂತಿತು. "ಸುಮ್ನಿರ ಅಜ್ಜಿ" ಎಂದ. ಅಷ್ಟು ಇಲಾಖೆಗಳು ಕೈಜೋಡಿಸಿದರೂ ಬೀಳದ ಬ್ರೇಕು ಅಲ್ಲಿ ಬಿತ್ತು.

ಒಂದೇ ಒಂದು ಸಲ ಸಾಯುವ ಅನುಕೂಲವಿರುವ,
ತಮ್ಮ ವಿಶ್ವಾಸಿ,
ಗೋದಾವರಿ

ತಾ.ಕ.: ಸೀರೆಯನ್ನು ಒಗೆಯದೇ ಕಳಿಸಿರಿ. ಕಾರು ಬಡಿದ ಗುರುತು ಹಾಗೇ ಇರಲಿ. ಇನ್ನು ಮೇಲೆ ನಿಶಾಂತನ ಪಕ್ಕದ ಸೀಟಿನಲ್ಲಿ ಅದನ್ನೇ ಉಟ್ಟು ಕೂಡುವವಳಿದ್ದೇನೆ.